ಸಾದಾ ನಲ್ಲಿ ನೀರಿನಲ್ಲಿ

ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು ಹದಿನಾಲ್ಕು ಎಂದು ಅವನಿಗೆ ಗೊತ್ತಾದದ್ದು ಆ ಕಟ್ಟಡದಲ್ಲಿ ಕೆಲಸಕ್ಕೆ ಸೇರಿದ ಮೂವತ್ತೊಂದು ವರ್ಷದ ಮೇಲೆ. ಎರಡನೆಯ ಮಹಡಿಯ ಅವನ ಲ್ಯಾಬಿಗೆ ಕಪ್ಪೆಗಳು ಕೆಳಗಿನಿಂದ ಬರುತ್ತಿದ್ದವು, ಒದ್ದೆ ಬಟ್ಟೆ ಹೊದಿಸಿದ ಬಕೆಟ್ಟಿನಲ್ಲಿ, ದಿನಾ ಬೆಳಿಗ್ಗೆ ಒಂಬತ್ತಕ್ಕೆ. ಹಾಲು ಬಾಗಿಲಿಗೆ ಬರುತ್ತದೆ, ಹಸುವನ್ನು ಯಾರು ನೋಡಿಕೊಂಡು ಬರುತ್ತಾರೆ? ಇವತ್ತು ಇಳಿದದ್ದೂ ಒಂದು ಸಹಿಗಾಗಿ ಮಾತ್ರ. ಈಗ ಯಾರೂ ಕಪ್ಪೆಯ ಮೇಲೆ ಕೆಲಸ ಮಾಡುವುದಿಲ್ಲ, ಸಿಮೆಂಟಿನ ತೊಟ್ಟಿಗಳನ್ನು ಒಡೆದು ಆ ಜಾಗದಲ್ಲಿ ಹಳೆಯ ಕಡತ ತುಂಬುತ್ತಾರಂತೆ, ಶರೀರಕ್ರಿಯಾ ವಿಭಾಗದ ಮುಖ್ಯಸ್ಥನಾಗಿ ಅವನು ಅಭ್ಯಂತರವಿಲ್ಲ ಎಂದು ಬರೆದುಕೊಡಬೇಕಿತ್ತು. ನಿಂತಲ್ಲೇ ಸಹಿ ಹಾಕಿ ಮೇಲೆ ಬರಬಹುದಿತ್ತು. ಸಂಜೆ ಐದರೊಳಗೆ ಪಠ್ಯಪುಸ್ತಕವೊಂದಕ್ಕೆ ಬರೆದ ಅಧ್ಯಾಯದ ಪ್ರೂಫ್ ತಿದ್ದಿ ಕಳಿಸಬೇಕು, ಬರುವ ತಿಂಗಳು ನಿವೃತ್ತಿ, ತಲೆಯಲ್ಲಿ ನೂರೆಂಟು ಇತ್ತು. ಆದರೆ ಕೊನೆಯ ತೊಟ್ಟಿಯ ಹತ್ತಿರ ಒಬ್ಬ ಮುದುಕ ಅದರ ಅಂಚನ್ನು ಕೈಯಿಂದ ತಡವುತ್ತ ನಿಂತಿದ್ದ.

ಅದು ತೊಟ್ಟಿಯಣ್ಣ. ಕಪ್ಪೆಗಳನ್ನು ನೋಡಿಕೊಳ್ಳುತ್ತಿದ್ದವನು, ನಿವೃತ್ತನಾಗಿ ಎಂಟು ವರ್ಷವಾಗಿತ್ತು, ಕಣ್ಣಿಗೆ ಪೊರೆ ಬಂದಿತ್ತು. ತೊಟ್ಟಿ ಒಡೆಯುತ್ತಾರೆಂದು ಯಾರೋ ಹೇಳಿದ್ದು ಕೇಳಿ ಕೊನೆಯ ಸಲ ನೋಡಿಹೋಗಲು ಬಂದಿದ್ದಾನೆ, ಮಗಳು ಹೊರಗೆ ಕಾಯುತ್ತಿದ್ದಾಳೆ.

"ಸಾರ್, ನೀವಾ? ಹೆಜ್ಜೆ ಸದ್ದಿನಲ್ಲಿ ಗೊತ್ತಾಗ್ಲೇ ಇಲ್ಲ ನೋಡಿ. ಇಲ್ಲಿಗೆ ಬಂದೋರೇ ಅಲ್ವಲ್ಲ ನೀವು." ಆ ಮಾತಿನಲ್ಲಿ ಕುಟುಕು ಇರಲಿಲ್ಲ, ಆದರೂ ಅವನಿಗೆ ಚುಚ್ಚಿತು. "ಚೆನ್ನಾಗಿ ನೋಡ್ಕೊಂಡೆ ಸಾರ್, ನಿಮ್ಮ ಕಪ್ಪೆಗಳನ್ನ. ಬೇರೆ ಕಡೆ ಎಲ್ಲ ಮೈಮೇಲೆ ಹುಣ್ಣಾಗಿ ಸಾಯ್ತಿದ್ವಂತೆ. ನಮ್ಮಲ್ಲಿ ಒಂದಕ್ಕಾದ್ರೂ ಇತ್ತಾ? ನೀರು ಬದಲಾಯಿಸಿದಾಗೆಲ್ಲ ತೊಟ್ಟಿಗೆ ಮೂರು ಹಿಡಿ ಉಪ್ಪು. ನಮ್ಮಜ್ಜಿ ಗಾಯಕ್ಕೆ ಉಪ್ಪುನೀರೇ ಹಾಕ್ತಿದ್ಲು."

"ಉಪ್ಪು," ಎಂದ ಅವನು. "ಯಾವಾಗಿಂದ?"

"ಮೊದಲಿಂದಾನೂ. ನಾನು ಕಾಲು ಮುರ್ಕೊಂಡು ಐದು ತಿಂಗಳು ಮನೇಲಿ ಬಿದ್ದಿದ್ದೆನಲ್ಲ, ಆ ಗಡಿಯಾರದ ಹುಡುಗಿ ಇದ್ದಾಗ? ಆಗೊಂದು ಹಾಕಿಲ್ಲ. ಬದಲಿಗೆ ಬಂದೋನು ಬರೀ ನೀರು ಬಿಟ್ಟಿದ್ದ. ವಾಪಸ್ ಬಂದು ನೋಡ್ತೀನಿ, ಅರ್ಧಕ್ಕರ್ಧ ಹುಣ್ಣು. ಅಳು ಬಂತು ಸಾರ್ ನಂಗೆ."

"ನನಗೆ ಯಾಕಪ್ಪ ಹೇಳಲಿಲ್ಲ?"

"ಕೇಳಿದ್ರೆ ಹೇಳ್ತಿದ್ದೆ," ಎಂದ ತೊಟ್ಟಿಯಣ್ಣ, ತುಸು ಬೆರಗಾಗಿ. "ಉಪ್ಪು ಹಾಕೋದನ್ನೂ ಯಾರಾದ್ರೂ ಬಂದು ಹೇಳ್ತಾರಾ?"

ಮೇಲಕ್ಕೆ ಹತ್ತುವಾಗ ಅವನು ಮತ್ತೆ ಮೆಟ್ಟಿಲು ಎಣಿಸಿದ, ಯಾಕೆಂದರೆ ಬೇರೆ ಯಾವುದನ್ನೂ ಯೋಚಿಸಲು ಹೆದರಿಕೆಯಾಗಿತ್ತು. ಏಳನೆಯದಕ್ಕೆ ಕಾಲು ನಿಂತಿತು. ಎದೆಯೊಳಗೆ ಏನೋ ಉಕ್ಕುತ್ತಿತ್ತು, ಅದು ಭಯ ಎಂದುಕೊಂಡ, ಭಯವಾಗಿರಲಿಲ್ಲ. ಅದು ಸಂತೋಷ. ಚರ್ಮಕ್ಕೆ ನೆನಪಿತ್ತು! ಕಪ್ಪೆಯ ಬದುಕು ಸಪ್ಪೆ ನೀರಿನಲ್ಲಿ, ಮೈಯೊಳಗಿನ ಉಪ್ಪು ಸದಾ ಹೊರಕ್ಕೆ ಸೋರುತ್ತಿರುತ್ತದೆ, ಅದರ ಚರ್ಮ ಆ ನೀರಿನಿಂದಲೇ ಸೋಡಿಯಮ್ಮನ್ನು ಒಂದೊಂದೇ ಅಯಾನಾಗಿ ಹೆಕ್ಕಿ ಒಳಗೆಳೆದುಕೊಳ್ಳುತ್ತದೆ. ಎಳೆದುಕೋ ಎಂದು ಚರ್ಮಕ್ಕೆ ಹೇಳುವುದು ಒಂದು ಹಾರ್ಮೋನು. ಸಪ್ಪೆ ನೀರಿನ ಕಪ್ಪೆಯಲ್ಲಿ ಆ ಹಾರ್ಮೋನು ಹಗಲೂ ರಾತ್ರಿ ಹೇಳುತ್ತಲೇ ಇರುತ್ತದೆ, ಆದ್ದರಿಂದ ಹೊರಗಿನಿಂದ ಇನ್ನಷ್ಟು ಹಾಕಿದರೆ ಚರ್ಮ ಅಷ್ಟಾಗಿ ಕಿವಿಗೊಡುವುದಿಲ್ಲ. ಉಪ್ಪು ನೀರಿನಲ್ಲಿಟ್ಟರೆ ಮೈಗೆ ಉಪ್ಪಿನ ಚಿಂತೆಯಿಲ್ಲ, ಹಾರ್ಮೋನು ಬಾಯಿ ಮುಚ್ಚುತ್ತದೆ, ಚರ್ಮ ಕೆಲಸ ಬಿಟ್ಟು ಕೂರುತ್ತದೆ, ಆಗ ಒಂದು ತೊಟ್ಟು ಬಿದ್ದರೂ ಮೈಕೊಡವಿ ಏಳುತ್ತದೆ. ಇದು ಎರಡನೆಯ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಪಾಠ, ಅವನೇ ಹೇಳಿಕೊಡುತ್ತಿದ್ದ ಪಾಠ. ಹಾರ್ಮೋನು ಹಾಕಿದಾಗ ಚರ್ಮದ ಮೂಲಕ ಹರಿಯುವ ವಿದ್ಯುತ್ತು ಬೇರೆಯವರ ಲ್ಯಾಬಿನಲ್ಲಿ ಎರಡು ಪಟ್ಟು ಏರಿದರೆ ಅವನಲ್ಲಿ ಆರು ಪಟ್ಟು ಏರುತ್ತಿತ್ತು. ಆ ಏರಿಕೆಗೆ ಅವನ ಹೆಸರನ್ನೇ ಇಟ್ಟಿದ್ದರು. ಈ ಜಾತಿಯ ಚರ್ಮಕ್ಕೆ ಬೇರೆಲ್ಲೂ ಇಲ್ಲದ ಇನ್ನೊಂದು ಬಾಗಿಲಿದೆ ಎಂದು ಅವನು ನಲವತ್ತು ಪ್ರಬಂಧ ಬರೆದಿದ್ದ. ಬಾಗಿಲೂ ಇಲ್ಲ ಕಿಟಕಿಯೂ ಇಲ್ಲ, ಮೂರು ಹಿಡಿ ಉಪ್ಪು. ದೇಹದಿಂದ ಕಿತ್ತು ಗಾಜಿಗೆ ಬಿಗಿದ ಮೇಲೂ ಆ ಚರ್ಮ ತಾನು ಯಾವ ನೀರಿನಲ್ಲಿ ಬಾಳಿದ್ದೆ ಎಂಬುದನ್ನು ಗಂಟೆಗಟ್ಟಲೆ ಹೇಳುತ್ತಲೇ ಇತ್ತು, ಅವನು ಅದನ್ನು ಬೇರೇನೋ ಎಂದು ಬರೆದುಕೊಳ್ಳುತ್ತಿದ್ದ. ಎಂಥಾ ವಸ್ತು ಅದು, ದೇವರೇ, ಎಂದುಕೊಂಡ. ಆ ಗಡಿಯಾರದ ಹುಡುಗಿಯ ಮುಖ ನೆನಪಾದದ್ದು ಆಮೇಲೆ, ಹತ್ತನೆಯ ಮೆಟ್ಟಿಲ ಹತ್ತಿರ, ಅಷ್ಟು ತಡವಾಗಿ ನೆನಪಾಯಿತೆಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಕೋಣೆಗೆ ಬಂದು ಬೀರುವಿನ ಕೆಳಗಿನ ಖಾನೆಯಿಂದ ಅವಳ ನೋಟ್‌ಬುಕ್ ತೆಗೆದ. ಇಪ್ಪತ್ತೆರಡು ವರ್ಷ ಹಿಂದಿನದು. ಅವಳನ್ನು ಎಲ್ಲರೂ ಗಡಿಯಾರ ಎನ್ನುತ್ತಿದ್ದರು, ಸಮಯವನ್ನು ಸೆಕೆಂಡಿನ ತನಕ ಬರೆಯುತ್ತಿದ್ದಳು, ಚಹಾ ಕುಡಿಯಲು ಎದ್ದ ಸಮಯವನ್ನೂ. ನಲವತ್ತೊಂದು ಚರ್ಮ, ನಲವತ್ತೊಂದು ಗೆರೆ, ಒಂದಾದರೂ ಎರಡು ಪಟ್ಟಿಗಿಂತ ಹೆಚ್ಚು ಏರಿರಲಿಲ್ಲ. ಆಗ ಅವನಿಗೆ ಮೂವತ್ತೆಂಟು, ಹೊರಗಡೆ ಹೆಸರು ಬರುತ್ತಿದ್ದ ಕಾಲ, ಆ ಐದು ತಿಂಗಳು ಊರೂರು ಭಾಷಣಕ್ಕೆ ಸುತ್ತುತ್ತ ತಾನು ಒಂದು ಚರ್ಮವನ್ನೂ ಬಿಗಿದಿರಲಿಲ್ಲ, ಲ್ಯಾಬಿನಲ್ಲಿ ಅದನ್ನು ಮಾಡುತ್ತಿದ್ದವಳು ಅವಳೊಬ್ಬಳೇ, ಆ ಪ್ರಯೋಗ ಆಗುವುದು ಇವನ ಕೈಗುಣದಿಂದ ಎಂದು ಹಿರಿಯರು ಬೆನ್ನು ತಟ್ಟುತ್ತಿದ್ದರು, ಅವನು ತಲೆ ತಗ್ಗಿಸಿ ನಗುತ್ತಿದ್ದ, ಒಳಗೊಳಗೇ ಹೌದು ಎಂದುಕೊಳ್ಳುತ್ತಿದ್ದ. ಚರ್ಮ ಬಿಗಿಯುವಾಗ ಅಂಚು ಹರಿದರೆ ಗೆರೆ ಏರುವುದಿಲ್ಲ, ಅದು ನಿಜ. ಅವಳದ್ದು ಹರಿದಿರಲಿಲ್ಲ. ಹರಿದಿದ್ದರೆ ವಿದ್ಯುತ್ತಿಗೆ ಚರ್ಮ ಒಡ್ಡುವ ರೋಧ ಕುಸಿಯಬೇಕಿತ್ತು, ಕುಸಿದಿರಲಿಲ್ಲ, ಅದನ್ನೂ ಅವಳು ಪ್ರತಿಸಲ ಅಳೆದು ಬರೆದಿದ್ದಳು, ಅವನು ಆ ಕಾಲಮ್ಮಿನ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗಿದ್ದ. "ನಿನಗೆ ಕೈಗುಣ ಇಲ್ಲಮ್ಮ," ಎಂದಿದ್ದ, ಐದು ಜನರ ಎದುರಿಗೆ, ಮೆತ್ತಗೆ, ದೊಡ್ಡ ಮನಸ್ಸಿನವನ ಹಾಗೆ. ಅಷ್ಟಕ್ಕೇ ಬಿಡಲಿಲ್ಲ. ಕೊನೆಯ ಪುಟದಲ್ಲಿ ಅವಳ ಕೈಯಿಂದಲೇ ಬರೆಸಿದ: ಮೇಲಿನ ಎಲ್ಲ ಫಲಿತಾಂಶಗಳು ನನ್ನ ಕೈತಪ್ಪಿನಿಂದ ಆದವು, ಪರಿಗಣಿಸಬೇಕಾಗಿಲ್ಲ. ಅವಳು ಬರೆದಳು. ಕೆಳಗೆ ಸಹಿ, ದಿನಾಂಕ, ಹನ್ನೊಂದು ಗಂಟೆ ಏಳು ನಿಮಿಷ ಇಪ್ಪತ್ತು ಸೆಕೆಂಡು. ತಿಂಗಳೊಳಗೆ ಬಿಟ್ಟು ಹೋದಳು. ಮೇಜಿನ ಮೇಲಿದ್ದ ಪ್ರೂಫಿನಲ್ಲಿ ಆ ನಲವತ್ತು ಪ್ರಬಂಧಗಳಲ್ಲಿ ಇದ್ದ ವಾಕ್ಯವೇ ಮತ್ತೆ ಇತ್ತು, ಒಂದರಿಂದ ಇನ್ನೊಂದಕ್ಕೆ ಅವನು ಇಳಿಸಿಕೊಂಡೇ ಬಂದದ್ದು: ಕಪ್ಪೆಗಳನ್ನು ಸಾದಾ ನಲ್ಲಿ ನೀರಿನಲ್ಲಿ ಇಡಲಾಗಿತ್ತು. ಅದರ ಮುಂದಿನ ಪುಟದಲ್ಲಿ, ಕೆಲವರಿಗೆ ಈ ಏರಿಕೆ ಕಾಣದಿರುವುದು ಚರ್ಮವನ್ನು ಒರಟಾಗಿ ನಿರ್ವಹಿಸುವುದರಿಂದ ಎಂದು. ಪೆನ್ನು ತೆಗೆದ, ಮುಚ್ಚಳ ಹಾಕಿದ. ಹೊಡೆದು ಹಾಕಿದರೆ ತನ್ನ ಹೆಸರಿನಲ್ಲಿ ಏನೂ ಉಳಿಯುವುದಿಲ್ಲ. ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ತೊಟ್ಟಿಗಳು ನಾಳೆ ಒಡೆದುಹೋಗುತ್ತವೆ, ತೊಟ್ಟಿಯಣ್ಣನನ್ನು ಯಾರು ಕೇಳಲಿಕ್ಕಿದ್ದಾರೆ? ಈ ಯೋಚನೆ ಬಂದದ್ದು ನಿಜ, ಒಂದೆರಡು ನಿಮಿಷ ಹಿತವಾಗಿ ಕೂತಿದ್ದೂ ನಿಜ.

ಮೊದಲ ಸಲ ಆ ಏರಿಕೆಯನ್ನು ನೋಡಿದಾಗ ಅವನಿಗೆ ಇಪ್ಪತ್ತಮೂರು. ಎರಡು ಗಾಜಿನ ಬಟ್ಟಲು, ನಡುವೆ ನಾಣ್ಯದಗಲದ ಚರ್ಮ. ಎರಡೂ ಕಡೆ ಒಂದೇ ದ್ರಾವಣ, ಒಂದೇ ಎತ್ತರ, ಯಾವ ಕಡೆಗೂ ಇಳಿಜಾರಿಲ್ಲ. ಆದರೂ ವಿದ್ಯುತ್ತು ಅಳೆಯುವ ಮೀಟರಿನ ಮುಳ್ಳು ಸೊನ್ನೆಯಲ್ಲಿ ನಿಲ್ಲಲಿಲ್ಲ, ಒಂದು ಕಡೆಗೆ ವಾಲಿತು. ಕಪ್ಪೆ ಇಲ್ಲ, ಅದರ ಹೃದಯವಿಲ್ಲ, ರಕ್ತವಿಲ್ಲ, ಯಾರಿಗಾಗಿ ಎಂದು ಕೇಳುವವರಿಲ್ಲ, ಚರ್ಮ ಮಾತ್ರ ಉಪ್ಪನ್ನು ಹೊರಗಿನಿಂದ ಒಳಗೆ ಸಾಗಿಸುತ್ತಲೇ ಇದೆ, ಒಳಗು ಎಂಬುದು ಈಗ ಒಂದು ಗಾಜಿನ ಬಟ್ಟಲಾದರೂ. ಗುರುಗಳು ಹಾರ್ಮೋನಿನ ಒಂದು ತೊಟ್ಟು ಬಿಟ್ಟು, ಕಾಯಿ, ಎಂದು ಊಟಕ್ಕೆ ಹೋದರು. ಮುಕ್ಕಾಲು ಗಂಟೆ ಏನೂ ಇಲ್ಲ. ಅವನಿಗೆ ಹಸಿವು, ತಪ್ಪಾಯಿತೇನೋ ಎಂಬ ಕಳವಳ. ಆ ಹೊತ್ತಿನಲ್ಲಿ ಆ ತೊಟ್ಟು ಪ್ರತಿ ಜೀವಕೋಶದ ನಡುಮನೆಗೆ ಹೋಗಿ, ಅಲ್ಲಿ ಬರೆದಿಟ್ಟದ್ದನ್ನು ಬಿಚ್ಚಿಸಿ, ಹೊಸ ದ್ವಾರಗಳನ್ನು ಕಟ್ಟಿಸುತ್ತಿದೆ ಎಂದು ಓದಿದ್ದ, ನಂಬಿರಲಿಲ್ಲ. ಆಮೇಲೆ ಮುಳ್ಳು ಅಲುಗಿತು. ಯಾರೂ ಮುಟ್ಟದೆ, ಯಾರೂ ಕೂಗದೆ, ಒಂದೊಂದೇ ಗೆರೆ ಹತ್ತತೊಡಗಿತು. ಕಣ್ಣಲ್ಲಿ ನೀರು ಬಂತು, ಅದನ್ನು ಬೆರಳಿಂದ ಒರೆಸಿ ನಾಲಿಗೆಗೆ ತಾಗಿಸಿಕೊಂಡ, ಉಪ್ಪುಪ್ಪಾಗಿತ್ತು, ಇದನ್ನೂ ಒಂದು ಪೊರೆಯೇ ಹೀಗೇ ಸಾಗಿಸಿ ತಂದಿದೆ ಎಂದು ಹೊಳೆದು ಮೈ ಜುಮ್ಮೆಂದಿತು. ದೇವರ ಕೋಣೆಗೆ ಕಾಲಿಡದವನಿಗೆ ಅವತ್ತು ಯಾರಿಗಾದರೂ ಕೈಮುಗಿಯಬೇಕೆನಿಸಿ, ಯಾರೂ ಇಲ್ಲದ್ದರಿಂದ ಬಟ್ಟಲಿಗೇ ಮುಗಿದಿದ್ದ. ಆ ಇಪ್ಪತ್ತಮೂರರವನು ಯಾವಾಗ ಮುಳ್ಳನ್ನು ಬಿಟ್ಟು ತನ್ನ ಕೈಯನ್ನು ನೋಡಲು ಶುರುಮಾಡಿದ? ಯಾವ ದಿನ ಎಂದು ಹುಡುಕಿದರೆ ಸಿಗಲಿಲ್ಲ.

ಪ್ರೂಫನ್ನು ಚೀಲಕ್ಕೆ ಹಾಕಿಕೊಂಡು ಊಟಕ್ಕೆ ಮನೆಗೆ ಹೋದ. ಮನೆಯೆಂದರೆ ಅಕ್ಕ. ಇಬ್ಬರೇ ಇದ್ದು ಇಪ್ಪತ್ತು ವರ್ಷವಾಗಿತ್ತು. ಅಕ್ಕನಿಗೆ ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿಗಳು ಹುಡುಗಿಯಾಗಿದ್ದಾಗಲೇ ಒಣಗಿದ್ದವು, ಮೈಯಲ್ಲಿ ಉಪ್ಪು ನಿಲ್ಲುತ್ತಿರಲಿಲ್ಲ. ಅವನು ಕಪ್ಪೆಗೆ ಹಾಕುತ್ತಿದ್ದ ಹಾರ್ಮೋನಿನ ತಮ್ಮನಂಥದೊಂದು ಅವಳ ಮಾತ್ರೆಯಲ್ಲಿತ್ತು, ಸಾಸಿವೆಯಷ್ಟು ಮಾತ್ರೆ, ದಿನಕ್ಕೊಂದು, ಅದರೊಳಗೆ ಕಣ್ಣಿಗೆ ಕಾಣದಷ್ಟು ಮದ್ದು. ಅಷ್ಟರ ಮೇಲೆ ಅರವತ್ತೆಂಟು ವರ್ಷದ ಒಂದು ಹೆಂಗಸು ನಿಂತು, ನಡೆದು, ತಮ್ಮನನ್ನು ಬೈದು, ಬಾಗಿಲಿಗೆ ಬಂದ ತರಕಾರಿಯವನ ಜೊತೆ ಜಗಳವಾಡುತ್ತಿದ್ದಳು. ದಿನಾ ಬೆಳಿಗ್ಗೆ ಅವಳು ಅದನ್ನು ನುಂಗುವಾಗ ಅವನು ಪೇಪರಿನ ಮರೆಯಿಂದ ನೋಡುತ್ತಿದ್ದ, ಇಷ್ಟು ವರ್ಷವಾದರೂ ಅದು ಅವನಿಗೆ ಮಾಮೂಲಾಗಿರಲಿಲ್ಲ. ಇವತ್ತು ತಟ್ಟೆಯ ಮುಂದೆ ಕೂತು ಎಲ್ಲವನ್ನೂ ಹೇಳಿದ. ಉಪ್ಪು, ಹುಡುಗಿ, ಬರೆಸಿಕೊಂಡ ಪುಟ. ಅಕ್ಕ ಸೌಟು ಹಿಡಿದುಕೊಂಡೇ ಕೇಳಿದಳು.

"ಚೆನ್ನಾಗಿದೆ ಕಣೋ. ನಿನ್ನ ಕಪ್ಪೆಗಳಿಗೆ ಕೇಳದೇನೇ ಮೂರು ಹಿಡಿ ಉಪ್ಪು ಹಾಕಿದ್ರು. ನಾನು ಡಬ್ಬಿಯಿಂದ ಒಂದು ಚಿಟಿಕೆ ತಗೊಂಡಿದ್ದಕ್ಕೆ ಅಮ್ಮ ಕೈಮೇಲೆ ಬರೆ ಬರೋ ಹಾಗೆ ಹೊಡೆದ್ಲು. ಉಪ್ಪುಗಳ್ಳಿ ಅಂತ ನೀನೂ ಚಪ್ಪಾಳೆ ತಟ್ಟಿದ್ದೆ."

"ನಂಗೆ ಆರು ವರ್ಷ ಅಕ್ಕಾ."

"ನಂಗೆ ಹದಿನಾಲ್ಕು. ಮೈ ಕೇಳ್ತಿತ್ತು, ನಾನು ಕದ್ದೆ ಅಂತ ಎಲ್ಲ ಅಂದ್ರು. ಕೊನೆಗೆ ನಾನೂ ಹೌದು ನಾನು ಕಳ್ಳಿ ಅಂತಾನೇ ಅಂದ್ಕೊಂಡುಬಿಟ್ಟೆ. ಡಾಕ್ಟ್ರು ಬಂದು ಕಾಯಿಲೆ ಅಂತ ಹೇಳೋತನಕ ಎರಡು ವರ್ಷ. ಆ ಹುಡುಗಿ ಹಾಗೆ ಅಂದ್ಕೊಂಡು ಎಷ್ಟು ವರ್ಷ ಆಯ್ತು?"

"ಇಪ್ಪತ್ತೆರಡು."

ಅಕ್ಕ ಸೌಟನ್ನು ಪಾತ್ರೆಯೊಳಗೆ ಇಟ್ಟಳು. "ಉಪ್ಪು ತಿಂದವನು ನೀರು ಕುಡೀಲೇಬೇಕು. ಪುಸ್ತಕಕ್ಕೆ ಆಮೇಲೆ ಬರಿ. ಮೊದಲು ಅವಳಿಗೆ ಹೋಗಿ ಹೇಳು. ಫೋನಲ್ಲಿ ಬೇಡ." ಅವನು ಎದ್ದು ಕೈತೊಳೆದ. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಇತ್ತು, ಅದಕ್ಕೂ ಬೈದಳು.

ಅವಳು ಊರಾಚೆಯ ನೀರು ಸರಬರಾಜು ಕೇಂದ್ರದಲ್ಲಿ ನೀರು ಪರೀಕ್ಷೆ ಮಾಡುತ್ತಾಳೆ ಎಂದು ಅವನಿಗೆ ಎಷ್ಟೋ ವರ್ಷದಿಂದ ಗೊತ್ತಿತ್ತು, ಬಸ್ಸಿನಲ್ಲಿ ಇಪ್ಪತ್ತೇ ನಿಮಿಷ. ಕಿಟಕಿಯ ಪಕ್ಕ ಕೂತು ಹೇಳಬೇಕಾದದ್ದನ್ನು ಪೋಣಿಸಿದ. ನಾನು ನಿನಗೆ ಅನ್ಯಾಯ ಮಾಡಿದೆ. ಅದು ನಾಟಕದ ಮಾತಿನ ಹಾಗೆ ಕೇಳಿಸಿತು. ನಿನ್ನ ಗೆರೆಗಳು ಸರಿಯಾಗಿದ್ದವು. ಇದು ಪರೀಕ್ಷಕನ ಮಾತು. ಎದುರಿನ ಸೀಟಿನಲ್ಲಿ ಒಂದು ಕೂಸು ತಾಯಿಯ ಹೆಗಲ ಮೇಲೆ ಜೊಲ್ಲು ಸುರಿಸುತ್ತ ಮಲಗಿತ್ತು. ಆ ಜೊಲ್ಲಿನ ಗ್ರಂಥಿಯಲ್ಲೂ ಇದೇ ಹಾರ್ಮೋನು ಇದೇ ಕೆಲಸ ಮಾಡುತ್ತಿದೆ, ಉಪ್ಪನ್ನು ಹೊರಗೆ ಬಿಡದೆ ವಾಪಸು ಎಳೆದುಕೊಳ್ಳುತ್ತಿದೆ, ಕೂಸಿನ ಗುಳ್ಳೆಗುಳ್ಳೆಯಾದ ಬಾಯಿ ನೋಡುತ್ತ ಅವನು ಒಂದು ಗಳಿಗೆ ಎಲ್ಲ ಮರೆತು ಬೆರಗಿನಲ್ಲಿ ಕೂತುಬಿಟ್ಟ. ಮತ್ತೆ ನೆನಪಾಗಿ ನಾಚಿಕೆಯಾಯಿತು. ತಪ್ಪೊಪ್ಪಿಕೊಳ್ಳಲು ಹೊರಟವನು ಹೀಗೆ ಮೈಮರೆಯಬಹುದೇ?

ಗೇಟಿನ ಕಾವಲುಗಾರ ರಿಜಿಸ್ಟರ್ ಮುಂದೆ ತಳ್ಳಿದ. ಹೆಸರು ಬರೆದ, ಬಂದ ಉದ್ದೇಶ ಎಂಬಲ್ಲಿ ಪೆನ್ನು ನಿಂತಿತು.

"ನೀರಿನ ದೂರಾ?" ಎಂದ ಕಾವಲುಗಾರ.

"ಹೂಂ."

"ವಾಸನೇನಾ, ಬಣ್ಣಾನಾ?"

"ಉಪ್ಪು."

"ಎಷ್ಟು ದಿನದಿಂದ?"

"ಮೂವತ್ತೊಂದು ವರ್ಷದಿಂದ."

ಕಾವಲುಗಾರ ಅವನನ್ನು ಮೇಲಿಂದ ಕೆಳಗೆ ನೋಡಿ, ದೊಡ್ಡ ವಯಸ್ಸಿನವರ ಹತ್ತಿರ ಯಾಕೆ ವಾದ ಎನ್ನುವ ಹಾಗೆ, "ಎಡಗಡೆ ಮೂರನೇ ಬಾಗಿಲು, ಮೇಡಂ ಇದಾರೆ, ಹೋಗಿ," ಎಂದ.

ಉದ್ದನೆಯ ಕೋಣೆ. ಗೋಡೆಗೆ ತಾಗಿ ಚೀಟಿ ಅಂಟಿಸಿದ ಬಾಟಲಿಗಳ ಸಾಲು, ಒಂದೊಂದರ ಮೇಲೂ ಬೀದಿಯ ಹೆಸರು, ನಲ್ಲಿಯ ನಂಬರು, ತುಂಬಿದ ಸಮಯ. ಅವಳು ಕಿಟಕಿಯ ಬೆಳಕಿಗೆ ಒಂದು ಗಾಜಿನ ಕೊಳವೆಯನ್ನು ಎತ್ತಿ ಹಿಡಿದು ನೋಡುತ್ತಿದ್ದಳು. ಕಿವಿಯ ಹತ್ತಿರ ಕೂದಲು ನರೆತಿತ್ತು. ಕೈ ನೆಟ್ಟಗೆ, ಅಲುಗದೆ ನಿಂತಿತ್ತು, ಅವನು ಮೊದಲು ನೋಡಿದ್ದೇ ಆ ಕೈಯನ್ನು. "ಸರ್!" ಎಂದು ಅವಳು ಗಾಬರಿಯಿಂದ ಸ್ಟೂಲು ಎಳೆದಳು, ಮನೇಲೆಲ್ಲ ಚೆನ್ನಾಗಿದ್ದಾರಾ, ಅಕ್ಕ ಹೇಗಿದ್ದಾರೆ ಎಂದಳು, ನೀರಲ್ಲೇನಾದ್ರೂ ತೊಂದರೆಯಾ ಎಂದಳು. ಪೋಣಿಸಿಕೊಂಡು ಬಂದದ್ದೆಲ್ಲ ಬಸ್ಸಿನಲ್ಲೇ ಉಳಿದಿತ್ತು. ಅವನು ನಿಂತುಕೊಂಡೇ, ಪಾಠ ಒಪ್ಪಿಸುವವನ ಹಾಗೆ, ತೊಟ್ಟಿಯಣ್ಣ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದ. ಮೂರು ಹಿಡಿ. ಕಾಲು ಮುರಿದ ಐದು ತಿಂಗಳು.

ಅವಳು ಕೊಳವೆಯನ್ನು ಅದರ ಜಾಗದಲ್ಲಿ ಇಟ್ಟಳು.

"ತೊಟ್ಟಿ ಎಂಬತ್ತು ಲೀಟರು," ಎಂದಳು. "ನಾನು ಇಳಿದು ಹೋಗಿ ನೋಡ್ತಿದ್ದೆ. ನಾನಿದ್ದಾಗ ಬರೀ ನೀರೇ ಇತ್ತು, ಯಾವಾಗ್ಲೂ ಹಾಗೇ ಅಂದ್ಕೊಂಡೆ." ಒಂದು ಚೀಟಿಯ ಹಿಂದೆ ಪೆನ್ಸಿಲಿನಿಂದ ಗುಣಿಸಿದಳು. "ಅವರದು ದೊಡ್ಡ ಕೈ. ಹಿಡಿಗೆ ಎಪ್ಪತ್ತು ಗ್ರಾಂ ಅಂದ್ರೂ... ನಮ್ಮ ಬೆವರಿನಷ್ಟು ಉಪ್ಪು, ಸರ್. ಸಾಕು. ಅಷ್ಟು ಸಾಕು."

"ನಿನ್ನ ನಲವತ್ತೊಂದೂ ಸರಿಯಾಗಿದ್ದವು," ಎಂದ ಅವನು. ಪ್ರೂಫನ್ನು ಚೀಲದಿಂದ ತೆಗೆದು ಅವಳ ಮೇಜಿನ ಮೇಲೆ ಬಿಡಿಸಿದ. ಸಾದಾ ನಲ್ಲಿ ನೀರಿನ ವಾಕ್ಯವನ್ನು ಹೊಡೆದು ಹಾಕಿದ, ಒರಟಾಗಿ ನಿರ್ವಹಿಸುವ ವಾಕ್ಯವನ್ನು ಹೊಡೆದ, ಅಂಚಿನಲ್ಲಿ ಏನಾಗಿತ್ತೆಂಬುದನ್ನು ಐದು ಸಾಲಿನಲ್ಲಿ ಬರೆದ, ಯಾರ ಅಳತೆ ನಿಜವಾಗಿತ್ತೆಂಬಲ್ಲಿ ಅವಳ ಪೂರ್ತಿ ಹೆಸರು ಬರೆದ. ಅಕ್ಷರ ಕಾಗೆ ಕಾಲಿನ ಹಾಗೆ ಬಂತು. ಅವಳು ಬಗ್ಗಿ ಓದಿದಳು.

"ನಿಮ್ಮ ಹೆಸರಿನ ಏರಿಕೆ ಹೋಗ್ಬಿಡುತ್ತೆ, ಸರ್."

"ಹೋಗಲಿ."

"ಅಷ್ಟು ಸುಲಭಾನಾ?"

"ಇಲ್ಲ," ಎಂದ.

ಅವಳು ಮೂಗು ಒರೆಸಿಕೊಂಡಳು. ಧ್ವನಿ ಮಾಮೂಲಾಗೇ ಇತ್ತು. "ಮಗಳು ಹುಟ್ಟಿದಾಗ ಮೂರು ತಿಂಗಳು ನಾನು ಅವಳಿಗೆ ನೀರು ಹಾಕ್ಲಿಲ್ಲ. ಅಷ್ಟು ತೆಳುವಾದ ಚರ್ಮ. ನಮ್ಮತ್ತೆ ಹಾಕ್ತಿದ್ರು. ನಾನು ಬಾಗಿಲಲ್ಲಿ ನಿಂತು ಅಳ್ತಿದ್ದೆ. ನನ್ನ ಕೈಲಿ ಹರಿದುಹೋಗುತ್ತೆ ಅಂತ." ಪೆನ್ಸಿಲನ್ನು ಮತ್ತೆ ಕೈಗೆತ್ತಿಕೊಂಡು, "ನಂಗೆ ತುಂಬಾ ಸಿಟ್ಟಿದೆ, ಸರ್. ಇವತ್ತು ನೀವು ಬರ್ತೀರಿ ಅಂತ ಗೊತ್ತಿದ್ದಿದ್ರೆ ಸರಿಯಾಗಿ ಬೈಯೋಕೆ ರೆಡಿ ಮಾಡ್ಕೋತಿದ್ದೆ."

"ಬೈಯಮ್ಮ," ಎಂದ ಅವನು. "ನನ್ನನ್ನ ಕ್ಷಮಿಸು ಅಂತ ಕೇಳೋಕೂ ನನಗೆ ಮುಖ ಇಲ್ಲ."

ಆದರೆ ಅವಳು ಅವನನ್ನು ನೋಡುತ್ತಿರಲಿಲ್ಲ. ಚೀಟಿಯ ಮೇಲಿನ ಲೆಕ್ಕವನ್ನು ನೋಡುತ್ತಿದ್ದಳು, ಪೆನ್ಸಿಲು ಗಾಳಿಯಲ್ಲಿ ನಿಂತಿತ್ತು, ಹುಬ್ಬುಗಳ ನಡುವೆ ಒಂದು ಗೆರೆ ಮೂಡಿತ್ತು. ಆ ಮುಖ ಅವನಿಗೆ ಗೊತ್ತಿತ್ತು. ಕನ್ನಡಿಯಲ್ಲಿ ನೋಡಿದ್ದ ಒಂದು ಕಾಲದಲ್ಲಿ.

"ಸರ್, ಅದಿರಲಿ. ನಾಲ್ಕು ಗಂಟೆ, ಐದು ಗಂಟೆ ಗಾಜಿಗೆ ಬಿಗಿದಿಟ್ಟಾಗಲೂ ಅದು ಉಪ್ಪಿನ ನೀರನ್ನ ಮರೀಲಿಲ್ಲ, ಅಲ್ವಾ? ಅಂದ್ರೆ ನೆನಪು ಚರ್ಮದಲ್ಲೇ ಇದೆ. ರಕ್ತದಲ್ಲಲ್ಲ." ಅವಳು ತಲೆಯೆತ್ತಿದಳು. "ಹಾಗಾದ್ರೆ, ಉಪ್ಪಿನ ತೊಟ್ಟಿಯಿಂದ ತೆಗೆದು ಬರೀ ನೀರಿಗೆ ಬಿಟ್ರೆ, ಎಷ್ಟು ದಿನಕ್ಕೆ ಮರೆಯುತ್ತೆ?"

ಮೂವತ್ತೊಂದು ವರ್ಷದಲ್ಲಿ ಈ ಪ್ರಶ್ನೆ ಅವನ ಬಳಿಗೆ ಬಂದಿರಲಿಲ್ಲ. ನಲವತ್ತು ಪ್ರಬಂಧಗಳಲ್ಲಿ ಇದರ ನೆರಳೂ ಇರಲಿಲ್ಲ. ಎಷ್ಟು ಸರಳವಾಗಿತ್ತು, ಎಷ್ಟು ಸರಿಯಾಗಿತ್ತು, ಮುಂದೆ ಇನ್ನೂ ಎಷ್ಟನ್ನು ಕೇಳಲು ಹಾದಿ ಮಾಡುತ್ತಿತ್ತು. ಇಂಥ ಪ್ರಶ್ನೆ ಕೇಳುವವಳು ಇಪ್ಪತ್ತೆರಡು ವರ್ಷ ಈ ಕೋಣೆಯಲ್ಲಿ ಬೀದಿಬೀದಿಯ ನಲ್ಲಿ ನೀರನ್ನು ಬೆಳಕಿಗೆ ಹಿಡಿದು ನೋಡಿದ್ದಳು. ಅವನು ಸ್ಟೂಲಿನ ಮೇಲೆ ಕೂತ. ತಾನು ಏನನ್ನು ಹೊರಗೆ ಅಟ್ಟಿದ್ದೆ ಎಂಬುದು ಈಗ, ಈ ಬೆರಗಿನೊಳಗೆ, ಅವನಿಗೆ ಪೂರ್ತಿಯಾಗಿ ತಿಳಿಯಿತು.

ಅವಳು ಉತ್ತರಕ್ಕೆ ಕಾಯುತ್ತಿದ್ದಳು.

"ಗೊತ್ತಿಲ್ಲಮ್ಮ," ಎಂದ. "ನಾನು ನೋಡೇ ಇಲ್ಲ."